ಜೋಗಿಮಟ್ಟಿ ಏರಿನಲ್ಲಿ ಕಲ್ಲುಹೂವಿನ ಗಣತಿ: ಚೌಕದ ಹಾಳೆಯಿಂದ ಲಕೋಟೆಯವರೆಗೆ

ಮಸಾಲೆಗೆ ಹಾಕುವ ಕಲ್ಲುಹೂವು ಅಡುಗೆ ಮನೆಯವರಿಗೆಲ್ಲ ಗೊತ್ತು. ಮೇಲ್ಮೈ ಬೂದು, ಕೆಳಮೈ ಕಪ್ಪು, ಹಿಡಿದರೆ ಪುಡಿಯಾಗುವ ಒಣ ಚೂರು. ಅದು ಲೈಕೆನ್. ಶಿಲೀಂಧ್ರವೊಂದು ತನ್ನ ಮೈಯೊಳಗೆ ಹಸಿರು ಪಾಚಿಯನ್ನೋ ನೀಲಿಹಸಿರು ಬ್ಯಾಕ್ಟೀರಿಯಾವನ್ನೋ ಇಟ್ಟುಕೊಂಡು, ಅದು ತಯಾರಿಸಿದ ಆಹಾರದಲ್ಲಿ ಬದುಕುವ ಜೋಡಿ ಸಂಸಾರ. ಭಾರತದಲ್ಲಿ ಇಂಥವು ಎರಡೂವರೆ ಸಾವಿರ ಜಾತಿಗೂ ಮೇಲಿವೆ.

ಚಿತ್ರದುರ್ಗದ ಗುಡ್ಡಗಳಲ್ಲಿ ಲೈಕೆನ್ ಎಣಿಸಲು ಹೋದವರು ಮಾಡುವ ತಪ್ಪು ಒಂದೇ: ಕಣ್ಣು ಹೋದ ಕಡೆ ಎಣಿಸುವುದು. ಕೇಸರಿ ಬಣ್ಣದ್ದು, ಅಂಗೈ ಅಗಲದ ಎಲೆಯಂಥದ್ದು ಪಟ್ಟಿಗೆ ಸೇರುತ್ತವೆ. ಕಲ್ಲಿಗೆ ಬಣ್ಣ ಬಳಿದಂತೆ ಕೂತ ಹಕ್ಕಳೆ ಬಗೆ, ನೀರಿಳಿದ ಕಪ್ಪು ಪಟ್ಟೆಯೊಳಗಿನ ಚಿಕ್ಕ ಹಲ್ಲೆಗಳು, ತೊಗಟೆಯ ಬಿರುಕಿನ ಹಳದಿ ಪುಡಿ, ಇವು ಬಿಟ್ಟುಹೋಗುತ್ತವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಒಣಸೀಮೆಯಲ್ಲಿ ವೈವಿಧ್ಯದ ದೊಡ್ಡ ಪಾಲು ಇರುವುದೇ ಈ ಬಿಟ್ಟುಹೋದದ್ದರಲ್ಲಿ. ಕೆಳಗೆ ಹೇಳುವ ಸಲಕರಣೆಯೆಲ್ಲ ಕಣ್ಣಿನ ಚಪಲಕ್ಕೆ ಕಡಿವಾಣ ಹಾಕಲು ಮಾಡಿಕೊಂಡದ್ದು.

ಜಾಗ, ಅನುಮತಿ, ಕಾಲ

ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿಗೆ ಏರುವ ರಸ್ತೆಯೇ ಸರ್ವೆಯ ದಾರಿ. ನೆತ್ತಿ ಸಮುದ್ರ ಮಟ್ಟದಿಂದ 1,100 ಮೀಟರ್ ದಾಟುತ್ತದೆ. 800 ಮೀಟರಿನಿಂದ 1,100ರವರೆಗೆ ಪ್ರತಿ 50 ಮೀಟರ್ ಎತ್ತರಕ್ಕೆ ಒಂದು ತಾಣ, ಒಟ್ಟು 7. ಪ್ರತಿ ತಾಣದಲ್ಲಿ 4 ಬಂಡೆ, 4 ಮರ. ಬಂಡೆಯೊಂದಕ್ಕೆ ಉತ್ತರ ಮುಖದಲ್ಲಿ ಒಂದು ಚೌಕ (ಎಣಿಸುವ 20×20 ಸೆಂ.ಮೀ. ಜಾಗ), ದಕ್ಷಿಣ ಮುಖದಲ್ಲಿ ಒಂದು. ಮರವೊಂದಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಏಣಿ, ಅಂದರೆ ಕಾಂಡಕ್ಕೆ ಕಟ್ಟುವ ಏಣಿಯಾಕಾರದ ಅಳತೆ ಪಟ್ಟಿ.

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಒಂದು ಚೌಕಕ್ಕೆ 20 ನಿಮಿಷ, ಒಂದು ಏಣಿಗೆ 8 ನಿಮಿಷ ಹಿಡಿದರೆ ಒಂದು ತಾಣಕ್ಕೆ 160 ಮತ್ತು 128, ಒಟ್ಟು 288 ನಿಮಿಷ. ಅಂದರೆ ದಿನಕ್ಕೆ ಒಂದೇ ತಾಣ. ಎರಡು ಮುಗಿಸುತ್ತೇವೆಂದು ಹೊರಟರೆ ಮಧ್ಯಾಹ್ನದ ಮೇಲಿನ ಏಣಿಗಳಲ್ಲಿ ಜಾತಿ ಸಂಖ್ಯೆ ತಾನಾಗಿ ಇಳಿಯುತ್ತದೆ. ಅದು ಗುಡ್ಡದ ಗುಣ ಅಲ್ಲ, ಎಣಿಸುವವರ ದಣಿವು.

ಜೋಗಿಮಟ್ಟಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಂದ ಒಂದು ಚೂರು ತೊಗಟೆ ತರುವುದಕ್ಕೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಗೇಟಿನಲ್ಲಿ ಕೊಡುವ ಪ್ರವೇಶ ಚೀಟಿ ಅದಕ್ಕೆ ಬದಲಿಯಲ್ಲ. ಅಕ್ಟೋಬರಿನ ಕೆಲಸಕ್ಕೆ ಮುಂಗಾರಿಗೆ ಮೊದಲೇ ಅರ್ಜಿ ಹೋಗಿರಲಿ. ಚಿತ್ರದುರ್ಗದ ಕಲ್ಲಿನ ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಕೆರೆಯುವುದು, ಪರೀಕ್ಷೆಗೆ ರಾಸಾಯನಿಕದ ಹನಿ ಹಾಕುವುದು ಎರಡೂ ಇಲ್ಲ. ಮಸೂರ ಮತ್ತು ಫೋಟೊ ಮಾತ್ರ. ಆದರೂ ಕೋಟೆಯನ್ನು ಬಿಡಬಾರದು. ಬಂಡೆ ಗ್ರಾನೈಟ್, ಗೋಡೆಯ ಸಂದಿನ ಗಾರೆ ಸುಣ್ಣ. ಒಂದು ಗೇಣು ಅಂತರದಲ್ಲಿ ಆಮ್ಲಗುಣದ ನೆಲೆ, ಕ್ಷಾರಗುಣದ ನೆಲೆ ಎರಡೂ ಸಿಗುತ್ತವೆ. ಗಾರೆಯ ಮೇಲಿನವು ಪಕ್ಕದ ಕಲ್ಲಿಗೆ ಹತ್ತಿಲ್ಲದಿರುವುದನ್ನು ಬರಿಗಣ್ಣಲ್ಲೇ ನೋಡಬಹುದು.

ಕೆಲಸದ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಮಾರ್ಚ್ ದಾಟಿದರೆ ಎಲೆ ಬಗೆಯವು ಹಪ್ಪಳದಂತೆ ಒಡೆಯುತ್ತವೆ, ಜೊತೆಗೆ ಕಾಡ್ಗಿಚ್ಚಿನ ಭಯ. ಮಳೆ ನಿಂತ ಮರುದಿನವೂ ಬೇಡ: ಒದ್ದೆಯಾದ ಲೈಕೆನ್ ಮೇಲುಪದರ ಪಾರದರ್ಶಕವಾಗಿ ಒಳಗಿನ ಪಾಚಿ ಕಾಣುತ್ತದೆ, ಬೂದು ಬಣ್ಣದ್ದೆಲ್ಲ ಹಸಿರಾಗುತ್ತದೆ. ಬಣ್ಣ ಬರೆದುಕೊಳ್ಳುವುದು ಒಣಗಿದ ಸ್ಥಿತಿಯಲ್ಲೇ.

ಬಂಡೆಗೆ ಚೌಕದ ಹಾಳೆ

ಸ್ಪೈರಲ್ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕದ ಮೇಲೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಎ4 ಅಳತೆಯದು, ದಪ್ಪನೆಯದು ತನ್ನಿ. ಅಗಲ 21 ಸೆಂ.ಮೀ. ಇರುವುದರಿಂದ 20×20 ಸೆಂ.ಮೀ. ಚೌಕಕ್ಕೆ ಅಂಚು ಅರ್ಧರ್ಧ ಸೆಂಟಿಮೀಟರ್ ಉಳಿಯುತ್ತದೆ. 2 ಸೆಂ.ಮೀ.ಗೊಂದರಂತೆ ಅಡ್ಡ 11 ಗೆರೆ, ಉದ್ದ 11 ಗೆರೆ ಎಳೆದರೆ 100 ಮನೆ.

ಮಾರ್ಕರ್ ಪೆನ್ನಿನಲ್ಲಿ ಎಳೆದ ಗೆರೆ ಎರಡನೇ ದಿನಕ್ಕೆ ಉಳಿಯುವುದಿಲ್ಲ. ಬೆವರು, ಬಂಡೆಯ ತಿಕ್ಕಾಟ, ಒರೆಸುವ ಸ್ಪಿರಿಟ್ ಸೇರಿ ಅಳಿಸಿಹಾಕುತ್ತವೆ. ಗೆರೆಯನ್ನು ಕೈವಾರದ ಮೊನೆಯಲ್ಲಿ ಹಗುರವಾಗಿ ಕೊರೆದು, ಅದರ ಮೇಲೆ ಕಪ್ಪು ಬೂಟ್ ಪಾಲಿಶ್ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಪಾಲಿಶ್ ಕೊರೆತದಲ್ಲಷ್ಟೇ ಉಳಿದು ಗೆರೆ ಕಾಣುತ್ತದೆ. ಕೊರೆತ ಆಳವಾದರೆ ಹಾಳೆ ಆ ಗೆರೆಯಲ್ಲೇ ಸೀಳುತ್ತದೆ. ಮೇಲಂಚಿಗೆ 1ರಿಂದ 10, ಎಡ ಅಂಚಿಗೆ ಅ, ಆ, ಇ ಎಂದು ಗುರುತು ಹಾಕಿದರೆ "ಇ-7ರಲ್ಲಿ ಕಂದು ಬಗೆ" ಎಂದು ಒಬ್ಬರು ಹೇಳಿ ಇನ್ನೊಬ್ಬರು ಬರೆಯಬಹುದು.

ಹಾಳೆ ಒಂದು ದಿಕ್ಕಿಗೆ ಬಾಗಿದ ಬಂಡೆಗೆ ಚೆನ್ನಾಗಿ ಕೂರುತ್ತದೆ. ಗುಂಡು ಬಂಡೆಗೆ ಕೂರದೆ ಮಧ್ಯ ಉಬ್ಬಿ ನಿಲ್ಲುತ್ತದೆ, ಆಗ ಓರೆಯಿಂದ ನೋಡಿದಾಗ ಮನೆ ತಪ್ಪುತ್ತದೆ. ಅಂಥಲ್ಲಿಗೆ 4 ಮಿ.ಮೀ. ಜಿಐ ತಂತಿಯ 20×20 ಚೌಕಟ್ಟು ಬೇಕು. ಒಳಗೆ 2 ಸೆಂ.ಮೀ. ಅಂತರದಲ್ಲಿ ಗಾಳದ ನೈಲಾನ್ ದಾರ, ಅಡ್ಡ 9, ಉದ್ದ 9. ತೆಳುವಾದ ತಂತಿ ಹಾಕಿದರೆ ದಾರ ಬಿಗಿದಾಗ ಚೌಕಟ್ಟೇ ಒಳಕ್ಕೆ ಬಾಗಿ ಕಡಲೆಕಾಯಿಯ ಆಕಾರಕ್ಕೆ ಬರುತ್ತದೆ. ಮೂಲೆಯಿಂದ ಮೂಲೆಗೆ ಅಳೆದು ನೋಡಿ: ಎರಡೂ ಕರ್ಣ 28.3 ಸೆಂ.ಮೀ. ಇರಬೇಕು.

ಶೇಕಡಾ ಎಷ್ಟು ಜಾಗ ಮುಚ್ಚಿದೆ ಎಂದು ಕಣ್ಣಂದಾಜು ಬರೆಯುವುದು ಬೇಡ. ಒಂದೇ ಚೌಕಕ್ಕೆ ಇಬ್ಬರು ಕೊಡುವ ಅಂದಾಜು ದೂರ ದೂರ ಇರುತ್ತದೆ. ನೂರು ಮನೆಯಲ್ಲಿ ಎಷ್ಟು ಮನೆಯಲ್ಲಿ ಆ ಬಗೆ ಇದೆ ಎಂದು ಎಣಿಸಿದರೆ ಜಗಳಕ್ಕೆ ಜಾಗವಿಲ್ಲ. ಏನೂ ಇಲ್ಲದ ಚೌಕ ಬಂದರೆ ಸೊನ್ನೆ ಬರೆಯಿರಿ, ಚೌಕ ಬದಲಿಸಬೇಡಿ. ದಕ್ಷಿಣ ಮುಖದಲ್ಲಿ ಇಂಥ ಸೊನ್ನೆ ಬರುವುದುಂಟು, ಅದೂ ಮಾಹಿತಿ.

ಚೌಕ ಎಲ್ಲಿ ಇಡಬೇಕು? ನೆಲದಿಂದ ಅರ್ಧ ಮೀಟರ್ ಮೇಲೆ, ಮುಖದ ಅಗಲವನ್ನು 100 ಭಾಗ ಎಂದುಕೊಂಡು, ಫೋನಿನ ಸ್ಟಾಪ್‌ವಾಚ್ ಒತ್ತಿ ನಿಲ್ಲಿಸಿದಾಗ ಬರುವ ಕೊನೆಯ ಎರಡು ಅಂಕಿಯ ಜಾಗದಲ್ಲಿ. ಎತ್ತರಕ್ಕೂ ಹಾಗೆಯೇ ಇನ್ನೊಮ್ಮೆ. ಹೀಗೆ ಮಾಡಿದಾಗ ಒಳ್ಳೆಯ ಕೇಸರಿ ಮಚ್ಚೆ ಪಕ್ಕದಲ್ಲೇ ಉಳಿದು ಹೊಟ್ಟೆ ಉರಿಯುತ್ತದೆ. ಅದನ್ನು "ಚೌಕದ ಹೊರಗೆ" ಎಂಬ ಬೇರೆ ಪಟ್ಟಿಯಲ್ಲಿ ಬರೆಯಿರಿ. ಜಾತಿಪಟ್ಟಿಗೆ ಸೇರುತ್ತದೆ, ಲೆಕ್ಕಕ್ಕೆ ಸೇರುವುದಿಲ್ಲ.

ಮರಕ್ಕೆ ಏಣಿ

10×50 ಸೆಂ.ಮೀ. ಅಳತೆಯ, ಐದು ಚೌಕಗಳ ಏಣಿ ಯುರೋಪಿನ ಲೈಕೆನ್ ಸರ್ವೆಗಳಲ್ಲಿ ರೂಢಿಯಲ್ಲಿರುವ ಅಳತೆ. ಅದನ್ನೇ ಇಟ್ಟುಕೊಂಡರೆ ನಾಳೆ ಬೇರೆಯವರ ಅಂಕಿಯ ಜೊತೆ ಹೋಲಿಸಬಹುದು. ದರ್ಜಿ ಅಂಗಡಿಯ 150 ಸೆಂ.ಮೀ. ಅಳತೆ ಟೇಪು ಒಂದು ಸಾಕು. 55 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ. 50 ಅಳತೆಗೆ, ಎರಡು ತುದಿಗೆ ಎರಡೂವರೆ ಎರಡೂವರೆ ಕಟ್ಟಲು. ಒಳ ಅಂಚುಗಳ ನಡುವೆ ಸರಿಯಾಗಿ 10 ಸೆಂ.ಮೀ. ಇರುವಂತೆ ಇಟ್ಟು, ಪ್ರತಿ 10 ಸೆಂ.ಮೀ.ಗೆ ಒಂದರಂತೆ 6 ಮೆಟ್ಟಿಲು ದಪ್ಪ ನೈಲಾನ್ ದಾರದಲ್ಲಿ ಹೊಲಿಯಿರಿ. ಮೆಟ್ಟಿಲಿಗೂ ಟೇಪನ್ನೇ ಬಳಸಿದರೆ ಅದರ ಅಗಲ ಚೌಕದ ಜಾಗ ತಿನ್ನುತ್ತದೆ. ಎಲಾಸ್ಟಿಕ್ಕಿನಲ್ಲಿ ಮಾಡಿದರೆ ಇನ್ನೂ ಕೆಟ್ಟದು: ಬಿಗಿದಷ್ಟು ಉದ್ದವಾಗಿ ಪ್ರತಿ ಮರಕ್ಕೂ ಅಳತೆ ಬೇರೆ. ಎಲಾಸ್ಟಿಕ್ ಬೇಕಾಗುವುದು ಏಣಿಯನ್ನು ಕಾಂಡಕ್ಕೆ ಸುತ್ತಿ ಹಿಡಿಸಲು ಮಾತ್ರ. ಮೊಳೆ ಹೊಡೆಯಬಾರದು.

ಏಣಿಯ ಕೆಳತುದಿ ನೆಲದಿಂದ 1 ಮೀಟರ್ ಮೇಲೆ. ಕಾಂಡದ ಸುತ್ತಳತೆ 70 ಸೆಂ.ಮೀ.ಗೆ ಕಡಿಮೆ ಇರಬಾರದು, ಮರ ವಾಲಿರಬಾರದು. ವಾಲಿದ ಮರದ ಮೇಲ್ಬದಿಗೆ ಮಳೆನೀರು ಹರಿಯುತ್ತದೆ, ಕೆಳಬದಿ ಒಣಗಿರುತ್ತದೆ. ದಿಕ್ಕಿನ ಪರಿಣಾಮ ನೋಡಲು ಹೋಗಿ ವಾಲಿಕೆಯ ಪರಿಣಾಮ ಬರೆದುಕೊಂಡು ಬಂದಂತಾಗುತ್ತದೆ.

ಮರದ ಆಯ್ಕೆಯಲ್ಲಿ ತೊಗಟೆ ಮುಖ್ಯ. ನೀಲಗಿರಿ, ಸೀಬೆಯಂತೆ ತೊಗಟೆ ಕಳಚುವ ಮರದಲ್ಲಿ ನಿಧಾನವಾಗಿ ಬೆಳೆಯುವ ಲೈಕೆನ್ ನೆಲೆಯೂರುವುದಕ್ಕೆ ಮೊದಲೇ ನೆಲೆಯೇ ಉದುರುತ್ತದೆ. ಮಾವು, ಹುಣಸೆ, ಬೇವಿನಂಥ ಬಿರುಕು ತೊಗಟೆಯ ಮರಗಳು, ನುಣ್ಣನೆ ತೊಗಟೆಯವು ಎಂದು ಎರಡು ಗುಂಪು ಮಾಡಿ ಪ್ರತಿ ತಾಣದಲ್ಲಿ ಎರಡೆರಡು ಆರಿಸಿ. ನುಣ್ಣನೆ ತೊಗಟೆಯಲ್ಲಿ ಕಪ್ಪು ಗೀಟು ಎಳೆದಂತೆ, ಯಾವುದೋ ಲಿಪಿಯಂತೆ ಕಾಣುವ ಗ್ರಾಫಿಸ್ ಬಗೆಯವು ಹೆಚ್ಚು. ಬುಡ ಸುಟ್ಟ ಮರ ಸಿಕ್ಕರೆ ಸುಟ್ಟ ಎತ್ತರ ಬರೆಯಿರಿ. ಹೋಲಿಕೆಗೆಂದು ಹೊಳಲ್ಕೆರೆ, ಚನ್ನಗಿರಿ ಕಡೆಯ ಅಡಿಕೆ ತೋಟ ಸೇರಿಸುವವರು ಬೋರ್ಡೋ ದ್ರಾವಣ ಹೊಡೆದಿದ್ದಾರೆಯೇ ಎಂದು ಮೊದಲು ಕೇಳಬೇಕು. ಮೈಲುತುತ್ತದ ತಾಮ್ರ ಎಲೆರೋಗದ ಶಿಲೀಂಧ್ರವನ್ನೂ ಲೈಕೆನ್ನಿನ ಶಿಲೀಂಧ್ರವನ್ನೂ ಬೇರೆ ಬೇರೆ ಎಂದು ನೋಡುವುದಿಲ್ಲ.

ಎತ್ತರ, ದಿಕ್ಕು, ಇಳಿಜಾರು

ಫೋನಿನ ಜಿಪಿಎಸ್ ಅಕ್ಷಾಂಶ ರೇಖಾಂಶಕ್ಕೆ ಸರಿ, ಎತ್ತರಕ್ಕೆ ನಂಬಿಕೆಯದಲ್ಲ. ವಾಯುಭಾರ ಸಂವೇದಕ ಇರುವ ಫೋನು ಇದ್ದರೆ ಮೇಲು. ಈ ಎತ್ತರದಲ್ಲಿ 1 ಹೆಕ್ಟೊಪ್ಯಾಸ್ಕಲ್ ಇಳಿದರೆ ಸುಮಾರು 9 ಮೀಟರ್ ಏರಿದಂತೆ. ಇದಕ್ಕೂ ಒಂದು ಕೊಕ್ಕೆ ಇದೆ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ದಿನಾ ಬೆಳಿಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಸುಮಾರಿಗೆ 3–4 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಬೆಳಿಗ್ಗೆ ಹೊಂದಿಸಿದ ಫೋನು ಸಂಜೆ ಅದೇ ಕಲ್ಲಿನ ಮೇಲೆ 30 ಮೀಟರ್ ಹೆಚ್ಚು ತೋರಿಸಲು ಇಷ್ಟು ಸಾಕು. ತಾಣಗಳ ಅಂತರವೇ 50 ಮೀಟರ್ ಇರುವಾಗ ಇದು ಸಣ್ಣ ತಪ್ಪಲ್ಲ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎತ್ತರ ಗೊತ್ತಿರುವ ಒಂದು ಜಾಗ ಆರಿಸಿ, ಏರುವಾಗ ಇಳಿಯುವಾಗ ಎರಡು ಸಲವೂ ಅಲ್ಲಿ ನಿಂತು ಓದಿ, ನಡುವಿನ ವ್ಯತ್ಯಾಸವನ್ನು ಸಮಯಕ್ಕೆ ತಕ್ಕಂತೆ ಹಂಚಿ ಕಳೆಯಿರಿ.

ದಿಕ್ಸೂಚಿಯೂ ಕೈಕೊಡುವ ಸೀಮೆ ಇದು. ಚಿತ್ರದುರ್ಗದ ಶಿಸ್ಟ್ ಪಟ್ಟಿಯಲ್ಲಿ ಕಬ್ಬಿಣದ ಪಟ್ಟೆಕಲ್ಲು ಇದೆ. ಅದರ ಪಕ್ಕ ಮುಳ್ಳು ಹೊಯ್ದಾಡುತ್ತದೆ. ಫೋನಿನ ಕವರಿನ ಅಯಸ್ಕಾಂತವೂ ಸಾಕು ಕೆಡಿಸಲು. ಬಂಡೆಯಿಂದ ಐದಾರು ಹೆಜ್ಜೆ ಹಿಂದೆ ನಿಂತು ಇನ್ನೊಮ್ಮೆ ನೋಡಿ, ನೆರಳಿನ ಜೊತೆ ತಾಳೆ ಹಾಕಿ. ದಾರಕ್ಕೆ ಕಟ್ಟಿದ ಚಿಕ್ಕ ಅಯಸ್ಕಾಂತ ಜೇಬಿನಲ್ಲಿದ್ದರೆ ಕಲ್ಲು ಯಾವ ಬಗೆಯದು ಎಂಬುದಕ್ಕೂ ಸುಳಿವು. ಕೋಟೆಯ ಗ್ರಾನೈಟ್, ಹಳೆಯ ಲಾವಾದಿಂದಾದ ಕಪ್ಪುಹಸಿರು ಕಲ್ಲು, ಕಬ್ಬಿಣದ ಪಟ್ಟೆ, ಬಿಳಿ ಬೆಣಚು, ಇವುಗಳಲ್ಲಿ ಯಾವುದು ಎಂದು ಪ್ರತಿ ಚೌಕಕ್ಕೂ ಬರೆಯಬೇಕು. ಐಮಂಗಲದ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿನ ವ್ಯತ್ಯಾಸ ಕಣ್ಣಿಗೆ ರೂಢಿಯಾಗಲು ಅಲ್ಲಿಗೊಂದು ಸುತ್ತು ಹೋಗಿಬರಬಹುದು. ಸುತ್ತಿಗೆ ಮನೆಯಲ್ಲಿರಲಿ.

ಇಳಿಜಾರಿಗೆ ಶಾಲೆಯ ಕೋನಮಾಪಕ, ಮಧ್ಯದ ತೂತಿನಿಂದ ಒಂದು ಗೇಣು ದಾರ, ತುದಿಗೊಂದು ನಟ್ಟು. ಮುಗಿಯಿತು.

ಹನಿ ಪರೀಕ್ಷೆಯ ಬಾಟಲಿಗಳು

ಲೈಕೆನ್ನುಗಳು ತಯಾರಿಸುವ ಆಮ್ಲಗಳು ಜಾತಿಯಿಂದ ಜಾತಿಗೆ ಬೇರೆ. ಒಂದು ಹನಿ ರಾಸಾಯನಿಕ ಹಾಕಿ ಬಣ್ಣ ನೋಡುವುದು ನೂರು ವರ್ಷಕ್ಕೂ ಹಳೆಯ ಪದ್ಧತಿ. ಸರ್ವೆಯಲ್ಲಿ ಹೆಚ್ಚು ತಪ್ಪು ಆಗುವುದೂ ಇಲ್ಲೇ.

ಕೆ: ಪೊಟ್ಯಾಸಿಯಂ ಹೈಡ್ರಾಕ್ಸೈಡ್ 10 ಗ್ರಾಂ, 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ. ನೀರಿಗೆ ಹರಳು ಹಾಕಬೇಕು, ಹರಳಿಗೆ ನೀರು ಸುರಿಯಬಾರದು, ಕಾವು ಏರಿ ಸಿಡಿಯುತ್ತದೆ. ಗಾಜಿನ ಬಿರಡೆ ಅಂಟಿಕೊಂಡುಬಿಡುತ್ತದೆ, ಪ್ಲಾಸ್ಟಿಕ್ ಬಾಟಲಿಯೇ ಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ದುರ್ಬಲವಾಗುವುದರಿಂದ ಆರು ತಿಂಗಳಿಗೊಮ್ಮೆ ಹೊಸದು.

ಸಿ: ಬಟ್ಟೆಗೆ ಹಾಕುವ ಸೋಡಿಯಂ ಹೈಪೊಕ್ಲೋರೈಟ್ ಬ್ಲೀಚು, ನೀರು ಬೆರೆಸದೆ. ಬಿಸಿಲಿಗೆ ಎರಡು ದಿನ ಇಟ್ಟರೆ ಸತ್ತಂತೆ. ವಾರಕ್ಕೊಮ್ಮೆ ಬದಲಿಸಿ.

ಕೆಸಿ: ಮೊದಲು ಕೆ, ಒಂದೆರಡು ಕ್ಷಣದ ಮೇಲೆ ಅದೇ ಜಾಗಕ್ಕೆ ಸಿ.

ಪಿ: ಪ್ಯಾರಾಫಿನೈಲಿನ್ ಡೈಅಮೈನ್ 1 ಗ್ರಾಂ, ಸೋಡಿಯಂ ಸಲ್ಫೈಟ್ 10 ಗ್ರಾಂ, ನೀರು 100 ಮಿ.ಲೀ., ಪಾತ್ರೆ ತೊಳೆಯುವ ದ್ರವ ಅರ್ಧ ಮಿ.ಲೀ. ಕೂದಲಿನ ಕಪ್ಪು ಬಣ್ಣದಲ್ಲಿ ಇರುವ ರಾಸಾಯನಿಕವೇ ಇದು. ವಿಷ, ಮುಟ್ಟಿದ್ದೆಲ್ಲ ಕಪ್ಪಾಗುತ್ತದೆ. ಗುಡ್ಡಕ್ಕೆ ಒಯ್ಯದೆ ಮೇಜಿನ ಮೇಲೆ ಕೈಗವಸು ಹಾಕಿಕೊಂಡು ಮಾತ್ರ.

ಕಣ್ಣಿಗೆ ಹಾಕುವ ಔಷಧಿಯ ಖಾಲಿ ಬಾಟಲಿ ಹನಿಗೆ ಹೇಳಿಮಾಡಿಸಿದಂತಿರುತ್ತದೆ. ಯಾವ ಕಾರಣಕ್ಕೂ ಬಳಸಬೇಡಿ. ಕೆ ತುಂಬಿದ ಅಂಥ ಬಾಟಲಿ ಮನೆಯಲ್ಲಿ ಯಾರ ಕೈಗಾದರೂ ಸಿಕ್ಕರೆ ಕಣ್ಣೇ ಹೋಗುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯ 10 ಮಿ.ಲೀ. ಹನಿ ಬಾಟಲಿ ತಂದು ಕೆಂಪು ಟೇಪು ಸುತ್ತಿ. ಗಾರೆಯೋ ಸುಣ್ಣಕಲ್ಲೋ ಎಂದು ನೋಡಲು ಆಮ್ಲ ಒಯ್ಯುವವರು ಅದನ್ನು ಬೇರೆ ಚೀಲದಲ್ಲಿಡಿ. ಬ್ಲೀಚಿಗೆ ತಾಗಿದರೆ ಕ್ಲೋರಿನ್ ಏಳುತ್ತದೆ.

ಅಭ್ಯಾಸಕ್ಕೆ ಗುಡ್ಡ ಬೇಕಿಲ್ಲ. ಗ್ರಂಥಿಗೆ ಅಂಗಡಿಯಿಂದ 50 ಗ್ರಾಂ ಕಲ್ಲುಹೂವು ತನ್ನಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಪಾರ್ಮೊಟ್ರೀಮಾ ಟಿಂಕ್ಟೋರಮ್, ಜೊತೆಗೆ ಬೇರೆ ಬಗೆಗಳ ಬೆರಕೆ. ಅಗಲ ಎಲೆಯೊಂದನ್ನು ಆರಿಸಿ, ಬ್ಲೇಡಿನ ಮೂಲೆಯಲ್ಲಿ ಮೇಲಿನ ಬೂದು ಪದರವನ್ನೂ ಅದರಡಿಯ ತೆಳು ಹಸಿರನ್ನೂ ಕೆರೆದರೆ ಹತ್ತಿಯಂಥ ಬಿಳಿ ತಿರುಳು ಕಾಣುತ್ತದೆ. ಅದಕ್ಕೆ ಹಲ್ಲುಕಡ್ಡಿಯ ತುದಿಯಿಂದ ಸಿ ಮುಟ್ಟಿಸಿ. ತಟ್ಟನೆ ಕೆಂಪಾಗಿ, ಎಣಿಸುವಷ್ಟರಲ್ಲಿ ಮಾಸುತ್ತದೆ. ಲೆಕನೋರಿಕ್ ಆಮ್ಲ ಇದ್ದ ಗುರುತು. ಮೇಲುಪದರಕ್ಕೆ ಕೆ ಮುಟ್ಟಿಸಿದರೆ ಹಳದಿ, ಅದು ಅಟ್ರನೋರಿನ್ ಎಂಬ ವಸ್ತುವಿನ ಗುರುತು. ತಿರುಳು, ಮೇಲುಪದರ ಎರಡಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ ಎಂಬುದನ್ನು ಇಲ್ಲೇ ಕಲಿತುಬಿಡಬಹುದು. ಹಾಳೆಯಲ್ಲಿ ಬರೀ "ಕೆ ಹಳದಿ" ಎಂದು ಬರೆದರೆ ಅದು ಯಾತಕ್ಕೂ ಬಾರದು.

ಈ ಪೊಟ್ಟಣ ಗುಡ್ಡಕ್ಕೂ ಬರಲಿ. ಪ್ರತಿದಿನ ಮೊದಲ ಕೆಲಸ ಅದೇ ಚೂರಿಗೆ ಒಂದು ಹನಿ ಸಿ. ಕೆಂಪಾಗದಿದ್ದರೆ ಬ್ಲೀಚು ಸತ್ತಿದೆ. ಆ ದಿನದ "ಸಿ ಬಣ್ಣವಿಲ್ಲ" ಎಂಬ ಬರಹವೆಲ್ಲ ಸುಳ್ಳು.

ಉಳಿದ ಬಣ್ಣಗಳು: ಕೆ ಹಾಕಿದೊಡನೆ ಹಳದಿಯಾಗಿ ಆಮೇಲೆ ರಕ್ತಗೆಂಪಿಗೆ ತಿರುಗಿದರೆ ಸಲಾಜಿನಿಕ್ ಅಥವಾ ನಾರ್‌ಸ್ಟಿಕ್ಟಿಕ್ ಆಮ್ಲ, ಸೂಕ್ಷ್ಮದರ್ಶಕದಡಿ ಕೆಂಪು ಸೂಜಿ ಹರಳು ಮೂಡಿದರೆ ನಾರ್‌ಸ್ಟಿಕ್ಟಿಕ್. ಕೇಸರಿ ಲೈಕೆನ್ ಕೆ ತಾಗಿ ನೇರಳೆಯಾದರೆ ಕ್ಯಾಲೊಪ್ಲಾಕಾ ಬಳಗದ ಬಣ್ಣದ್ರವ್ಯಗಳು. ಹಳದಿಯಾಗಿದ್ದೂ ಕೆಗೆ ನೇರಳೆಯಾಗದಿದ್ದರೆ ಕ್ಯಾಂಡೆಲೇರಿಯಾ, ಅಕಾರೊಸ್ಪೋರಾ ಕಡೆ ನೋಡಬೇಕು. ಗ್ರಾನೈಟಿನ ಮೇಲೆ ತಿಳಿಹಳದಿಹಸಿರು ಎಲೆ ಬಗೆ ಕಂಡರೆ ಮೊದಲ ಊಹೆ ಕ್ಸಾಂಥೊಪಾರ್ಮೀಲಿಯಾ. ಆ ಬಣ್ಣ ಉಸ್ನಿಕ್ ಆಮ್ಲದ್ದು.

ಕೆಲವು ಲೈಕೆನ್ ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತವೆ. ಅದನ್ನು ನೋಡುವ ಟಾರ್ಚು 365 ನ್ಯಾನೊಮೀಟರಿನದೇ ಆಗಬೇಕು. ಅಗ್ಗದ ನೋಟು ಪರೀಕ್ಷೆ ಟಾರ್ಚುಗಳು ಹಲವು 395ರವು. ಎಲ್ಲದರ ಮೇಲೂ ನೇರಳೆ ಬೆಳಕು ಚೆಲ್ಲಿ ಇರುವ ಹೊಳಪನ್ನೂ ಮುಚ್ಚುತ್ತವೆ. ಸರಿಯಾದ ಟಾರ್ಚಿನಲ್ಲಿ, ಕಪ್ಪು ಬಟ್ಟೆ ಹೊದ್ದು ನೋಡಿದರೆ, ಮರದ ಮೇಲಿನ ಪಿಕ್ಸಿನೆ ಕೊಕೋಯಿಸ್ ಕಟು ಹಳದಿಯಾಗಿ ಉರಿಯುತ್ತದೆ, ಕಾರಣ ಅದರಲ್ಲಿರುವ ಲೈಕೆಕ್ಸಾಂಥೋನ್ ಎಂಬ ವಸ್ತು. ಪಕ್ಕದಲ್ಲೇ, ಅದರಂತೆಯೇ ಬೂದು ಬಣ್ಣದಲ್ಲಿರುವ ಡಿರಿನೇರಿಯಾ ಅಪ್ಲನೇಟಾ ಹಾಗೆ ಉರಿಯುವುದಿಲ್ಲ. ಹಗಲಲ್ಲಿ ಹತ್ತು ನಿಮಿಷ ತಿಣುಕುವ ಗುರುತು ಇಲ್ಲಿ ಎರಡು ಸೆಕೆಂಡಿನದು.

ಕಪ್ಪು ಪಟ್ಟೆ

ದುರ್ಗದ ಬಂಡೆಗಳ ಮೇಲೆ ನೆತ್ತಿಯಿಂದ ಇಳಿಬಿದ್ದ ಕಪ್ಪು ಪಟ್ಟೆಗಳನ್ನು ಎಲ್ಲರೂ ಕಲೆ ಎಂದು ದಾಟಿಹೋಗುತ್ತಾರೆ. ಮಳೆನೀರು ಹರಿಯುವ ದಾರಿಯದು. ಅದರಲ್ಲಿ ಹೆಚ್ಚಿನದು ಬರೀ ನೀಲಿಹಸಿರು ಬ್ಯಾಕ್ಟೀರಿಯಾದ ಪೊರೆ. ಆದರೆ ಪೆಲ್ಟ್ಯುಲಾದಂಥ, ಒಣಸೀಮೆಯ ಬಂಡೆಗೇ ಹೊಂದಿಕೊಂಡ ಲೈಕೆನ್ನುಗಳು ಇರುವುದೂ ಅಲ್ಲೇ. ಬೇರ್ಪಡಿಸುವುದು ಹೀಗೆ: ಒಣಗಿದ್ದಾಗ 10 ಪಟ್ಟು ಮಸೂರದಲ್ಲಿ ನೋಡಿ. ಮಸೂರ ಕಣ್ಣಿಗೆ ಒತ್ತಿ ಹಿಡಿದು ತಲೆಯನ್ನೇ ಬಂಡೆಯ ಹತ್ತಿರ ಒಯ್ಯಬೇಕು. ಎರಡರಿಂದ ಐದು ಮಿ.ಮೀ. ಅಗಲದ, ಅಂಚು ಎದ್ದ ಬಿಡಿ ಬಿಡಿ ಹಲ್ಲೆಗಳಿವೆಯೇ? ಗುಂಡುಸೂಜಿಯಿಂದ ಅಂಚು ಎತ್ತಿದರೆ ಮಧ್ಯದಲ್ಲಿ ಒಂದೇ ಕಡೆ ಕಲ್ಲಿಗೆ ಹಿಡಿದಿದೆಯೇ? ಈಗ ನೀರು ಸಿಂಪಡಿಸಿ 5 ನಿಮಿಷ ಬಿಡಿ. ಲೈಕೆನ್ ಆದರೆ ಹಲ್ಲೆ ಉಬ್ಬಿ ಎಣ್ಣೆಗಂದು ಹಸಿರಾಗುತ್ತದೆ, ಆಕಾರ ಉಳಿಯುತ್ತದೆ. ಬರೀ ಪೊರೆಯಾದರೆ ಬೆರಳಿಗೆ ಲೋಳೆಯಂತೆ ಹತ್ತುತ್ತದೆ. ಪೆಲ್ಟ್ಯುಲಾ ಯುಪ್ಲೋಕಾ ಆಗಿದ್ದರೆ ಹಲ್ಲೆಯ ಅಂಚಿನಲ್ಲಿ ಪುಡಿ ಪುಡಿಯಾದ ಕಪ್ಪು ಗೆರೆ ಕಾಣುತ್ತದೆ.

ಮೋಸ ಮಾಡುವ ಇನ್ನೆರಡು ಇವೆ. ಕಾಂಡದ ಮೇಲಿನ ಕಿತ್ತಳೆ ಬಣ್ಣದ ಮಖಮಲ್ಲು ಲೈಕೆನ್ ಅಲ್ಲ, ಟ್ರೆಂಟಿಪೋಲಿಯಾ ಎಂಬ ಪಾಚಿ. ಉಗುರಿನಲ್ಲಿ ಕೆರೆದರೆ ಕೂದಲಿನಂಥ ಎಳೆ ಬರುತ್ತದೆ. ಕಲ್ಲಿನ ಕಬ್ಬಿಣದ ತುಕ್ಕು ಮಸೂರದಡಿಯೂ ತುಕ್ಕಾಗಿಯೇ ಇರುತ್ತದೆ, ಅದಕ್ಕೆ ಅಂಚೂ ಇಲ್ಲ, ಬೀಜಕ (ಸ್ಪೋರ್) ಹೊರುವ ಬಟ್ಟಲಿನಂಥ ಫಲಕಾಯಗಳೂ ಇಲ್ಲ. ಬಂಡೆಯ ನೆತ್ತಿಯಲ್ಲಿ ಹಕ್ಕಿ ಕೂರುವ ಜಾಗಕ್ಕೆ "ಹಿಕ್ಕೆ ಇದೆ" ಎಂದು ಬರೆಯುವುದು ಮರೆಯಬೇಡಿ; ಸಾರಜನಕ ಬಯಸುವ ಫಿಸ್ಕಿಯಾ ಬಳಗದವು ಅಲ್ಲಿ ಗುಂಪುಗೂಡುತ್ತವೆ.

ಉತ್ತರ ಮುಖದ ನೆರಳಿನ ಚಾಚುಗಲ್ಲು ಲೈಕೆನ್ನಿಗೂ ಇಷ್ಟ, ಹೆಜ್ಜೇನಿಗೂ ಇಷ್ಟ. ಚೌಕ ಇಡುವ ಮೊದಲು ತಲೆ ಎತ್ತಿ ನೋಡಿ. ಸುಗಂಧ ಹಚ್ಚಿಕೊಂಡು ಬರಬೇಡಿ. ಬಂಡೆ ಸಂದಿಗೆ ಕೈ ಹಾಕುವುದು ಬೇಡ. ಕರಡಿ, ಚಿರತೆ ಇರುವ ಕಾಡು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 4ರ ನಂತರ ಕೆಲಸವಿಲ್ಲ, ಅರಣ್ಯ ಸಿಬ್ಬಂದಿ ಜೊತೆಗಿರಲಿ.

ಕೀಳುವುದು, ಒಣಗಿಸುವುದು

ಚೌಕದ ಒಳಗಿಂದ ಏನನ್ನೂ ಕೀಳಬಾರದು. ಮುಂದಿನ ವರ್ಷ ಅದೇ ಚೌಕಕ್ಕೆ ಬರಬೇಕು. ಬಣ್ಣದ ಗುರುತೂ ಬೇಡ. ಹತ್ತಿರದ್ದು, ಇಡೀ ಬಂಡೆಯದ್ದು, ದೂರದ್ದು ಎಂದು ಮೂರು ಫೋಟೊ ಇದ್ದರೆ ಚೌಕ ಮತ್ತೆ ಸಿಗುತ್ತದೆ. ಮಾದರಿ ಹೊರಗಿನಿಂದ, ಅದೇ ಬಗೆ ಐದಾರು ಕಡೆ ಕಂಡ ಮೇಲೆ, ಒಂದು ಮೈಯ ಮೂರನೇ ಒಂದು ಭಾಗ ಮಾತ್ರ. ಹಕ್ಕಳೆ ಬಗೆ ವರ್ಷಕ್ಕೆ ಬೆಳೆಯುವುದು ಒಂದೆರಡು ಮಿಲಿಮೀಟರ್, ಎಷ್ಟೋ ಸಲ ಅದಕ್ಕೂ ಕಡಿಮೆ.

ಎಲೆ ಬಗೆಗೆ ಮೊದಲು ನೀರು ಸಿಂಪಡಿಸಿ ಎರಡು ನಿಮಿಷ ಬಿಟ್ಟು ಮೊಂಡು ಚಾಕು ತೂರಿಸಿದರೆ ಬೇರೆಳೆ ಸಮೇತ ಏಳುತ್ತದೆ. ಹಕ್ಕಳೆಗೆ ಅರ್ಧ ಕೆಜಿ ಸುತ್ತಿಗೆ, 12 ಮಿ.ಮೀ. ಚಾಣ. ಬಂಡೆ ಹೊಪ್ಪಳಿಕೆ ಎದ್ದ ಅಂಚಿನಿಂದ, ಮೇಲ್ಮೈಗೆ 30 ಡಿಗ್ರಿ ಓರೆಯಲ್ಲಿ ಹಗುರ ಪೆಟ್ಟು. ನೇರ ಹೊಡೆದರೆ ಲೈಕೆನ್ನೇ ಪುಡಿ. ಕಣ್ಣಿಗೆ ಕನ್ನಡಕ, ಕೆಳಗೆ ಬಟ್ಟೆ ಚೀಲ ಹಿಡಿಯಲು ಇನ್ನೊಬ್ಬರು. ಬೆಣಚುಕಲ್ಲಿನಲ್ಲಿ ಚಕ್ಕೆ ಏಳುವುದೇ ಇಲ್ಲ, ಅಲ್ಲಿ ಫೋಟೊಗೆ ತೃಪ್ತಿಪಡಿ. ಅದೇ ಬಗೆ ಹತ್ತಿದ ಬಿಡಿ ಚಕ್ಕೆ ನೆಲದಲ್ಲಿ ಬಿದ್ದಿದ್ದರೆ ಚಾಣವೇ ಬೇಡ.

ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ ಮಾದರಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಕಾಗದದ ಕವರೇ ಬೇಕು, ಬರಹ ಪೆನ್ಸಿಲ್ಲಿನಲ್ಲಿ. ಮನೆಗೆ ಬಂದು ನೆರಳಲ್ಲಿ ಎರಡು ಮೂರು ದಿನ ಹರವಿ, ಪೂರ್ತಿ ಒಣಗಿದ ಮೇಲೆ ಬಿಗಿ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಒಂದು ವಾರ. ಹುಳ, ಮೊಟ್ಟೆ ಸಾಯಲಿ ಎಂದು. ಹೊರತೆಗೆದು ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ತೇವ ಕೂರುತ್ತದೆ.

ಕಾಯಂ ಲಕೋಟೆಗೆ ಎ4 ಕಾಗದ ಉದ್ದಕ್ಕೆ ಇಟ್ಟು, ಕೆಳಗಿನಿಂದ 10 ಸೆಂ.ಮೀ. ಮೇಲಕ್ಕೆ ಮಡಿಸಿ. ಎರಡು ಬದಿಯಿಂದ ಮೂರೂವರೆ ಮೂರೂವರೆ ಸೆಂ.ಮೀ. ಹಿಂದಕ್ಕೆ ಮಡಿಸಿ. ಮೇಲೆ ಉಳಿದ 9.7 ಸೆಂ.ಮೀ. ಮುಚ್ಚಳವಾಗಿ ಮುಂದಕ್ಕೆ. 14×10 ಅಳತೆಯ, ಅಂಟು ಬೇಡದ ಲಕೋಟೆ ಸಿದ್ಧ. ಮುಚ್ಚಳದ ಮೇಲೆ ಸಂಕೇತ, ಜಾಗ, ಅಕ್ಷಾಂಶ ರೇಖಾಂಶ, ಎತ್ತರ, ನೆಲೆ, ದಿಕ್ಕು, ದಿನಾಂಕ, ಅನುಮತಿ ಸಂಖ್ಯೆ. ಸಂಕೇತ ಹೀಗಿರಲಿ: ಜೋ-3-ಉ-2-ಹ05, ಅಂದರೆ ಜೋಗಿಮಟ್ಟಿ, ಮೂರನೇ ತಾಣ, ಉತ್ತರ ಮುಖ, ಎರಡನೇ ಬಂಡೆ, ಹಕ್ಕಳೆ ಐದನೇ ಬಗೆ. ಕಲ್ಲಿನ ಚಕ್ಕೆಯನ್ನು ರಟ್ಟಿಗೆ ಅಂಟಿಸಿಯೇ ಒಳಗಿಡಬೇಕು, ಇಲ್ಲದಿದ್ದರೆ ತನ್ನ ಮೈಯನ್ನು ತಾನೇ ತಿಕ್ಕಿ ಸವೆಸುತ್ತದೆ.

ಹೆಸರು ಇಡುವ ಮೊದಲು

ಹಕ್ಕಳೆ ಬಗೆಗೆ ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳ ಮಾತು ಕುಲದ ಮಟ್ಟದಲ್ಲೂ ನಂಬುವಂತಿಲ್ಲ. ಬೀಜಕ ನೋಡಲೇಬೇಕು. ಫಲಕಾಯವನ್ನು ಒದ್ದೆ ಮಾಡಿ, ಜೋಳದ ದಂಟಿನ ಬೆಂಡು ಸೀಳಿ ನಡುವೆ ಸಿಕ್ಕಿಸಿ, ಹೊಸ ಬ್ಲೇಡಿನಲ್ಲಿ ತೆಳು ಸೀಳು ತೆಗೆಯಿರಿ. ಮೊದಲು ನೀರಿನಲ್ಲಿ ನೋಡಿ, ಆಮೇಲೆ ಕೆ. ಮೊದಲೇ ಕೆ ಹಾಕಿದರೆ ಬಣ್ಣದ್ರವ್ಯ ಕರಗಿ ಗುರುತೇ ಹೋಗುತ್ತದೆ. 400 ಪಟ್ಟಿನಲ್ಲಿ ಕ್ಯಾಲೊಪ್ಲಾಕಾ ಬಳಗದ ಬೀಜಕಕ್ಕೆ ಎರಡು ತುದಿಯಲ್ಲಿ ಎರಡು ಕೋಣೆ, ನಡುವೆ ಸಣ್ಣ ಓಣಿ. ಅಕಾರೊಸ್ಪೋರಾದಲ್ಲಿ ಒಂದು ಚೀಲಕ್ಕೆ ನೂರಕ್ಕೂ ಹೆಚ್ಚು ಸಣ್ಣ ಬೀಜಕ. ಲೆಕನೋರಾದಲ್ಲಿ ಸಾಮಾನ್ಯವಾಗಿ ಎಂಟು, ಬಣ್ಣವಿಲ್ಲ, ನಡುಗೋಡೆಯಿಲ್ಲ. ಪಿಕ್ಸಿನೆಯದು ಕಂದು, ಮಧ್ಯೆ ಒಂದು ಗೋಡೆ. ಕಡಿಮೆಯೆಂದರೆ 10 ಬೀಜಕ ಅಳೆದು ಉದ್ದ ಅಗಲ ಎರಡೂ ಬರೆಯಿರಿ.

ಇಷ್ಟಾದರೂ ಹೆಸರು ಕೂರದ್ದು ಇದ್ದೇ ಇರುತ್ತದೆ. ಸಂಕೇತದಲ್ಲೇ ಬಿಡಿ, ಲೆಕ್ಕಕ್ಕೆ ಹೆಸರು ಬೇಕಿಲ್ಲ, ಬಗೆ ಬೇರೆ ಎಂಬುದು ಸಾಕು. ಎಷ್ಟು ಬಗೆ ಇನ್ನೂ ಸಿಕ್ಕಿಲ್ಲ ಎಂಬ ಅಂದಾಜಿಗೆ ಒಂದೇ ಚೌಕದಲ್ಲಿ ಸಿಕ್ಕವನ್ನೂ ಎರಡೇ ಚೌಕದಲ್ಲಿ ಸಿಕ್ಕವನ್ನೂ ಎಣಿಸಿ. ಮೊದಲನೆಯದರ ವರ್ಗವನ್ನು ಎರಡನೆಯದರ ಇಮ್ಮಡಿಯಿಂದ ಭಾಗಿಸಿ, ಸಿಕ್ಕ ಬಗೆಗಳಿಗೆ ಕೂಡಿಸಿ. ಉದಾಹರಣೆಗೆ, ಸಿಕ್ಕದ್ದು 42, ಒಂದೇ ಚೌಕದವು 12, ಎರಡೇ ಚೌಕದವು 6 ಎಂದುಕೊಂಡರೆ 144 ಭಾಗಿಸು 12, ಅಂದರೆ 12. ಒಟ್ಟು 54 ಇರಬಹುದು. ಬಂಡೆಗೆ, ಮರಕ್ಕೆ ಬೇರೆ ಬೇರೆ ಲೆಕ್ಕ ಹಾಕಿ. ಕೊನೆಯ ಹತ್ತು ಚೌಕದಲ್ಲಿ ಹೊಸದು ಒಂದಕ್ಕಿಂತ ಹೆಚ್ಚು ಬರುತ್ತಿದ್ದರೆ ಚೌಕ ಸಾಲದು, ಪ್ರತಿ ತಾಣಕ್ಕೆ ಎರಡು ಬಂಡೆ ಸೇರಿಸಿ.

ಜಿಲ್ಲೆಗೆ ಹೊಸದು, ರಾಜ್ಯಕ್ಕೆ ಹೊಸದು, ವಿಜ್ಞಾನಕ್ಕೇ ಹೊಸದು, ಇವು ಮೂರು ಬೇರೆ ಮಾತು. ಮೂರನ್ನೂ ಮೇಜಿನ ಮೇಲೆ ಹೇಳಲಾಗದು. ತೆಳುಪದರ ವರ್ಣಲೇಖನದಲ್ಲಿ ಆಮ್ಲಗಳನ್ನು ಬೇರ್ಪಡಿಸಿ, ಹಳೆಯ ಮಾದರಿಗಳ ಪಕ್ಕದಲ್ಲಿಟ್ಟು ನೋಡಬೇಕು. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ದೇಶದ ದೊಡ್ಡ ಲೈಕೆನ್ ಸಂಗ್ರಹವಿದೆ, ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲೂ ಇದೆ. ಕಳಿಸುವ ಮೊದಲು ಪತ್ರ ಬರೆದು ಒಪ್ಪಿಗೆ ಪಡೆಯಿರಿ, ಅನುಮತಿಯ ಪ್ರತಿ ಲಗತ್ತಿಸಿ. ಪಾರ್ಸೆಲ್ ಕಟ್ಟುವಾಗ ಕಲ್ಲಿನ ಲಕೋಟೆಗಳು ತಳಕ್ಕೆ, ನಿಂತ ಸಾಲಿನಲ್ಲಿ, ನಡುವೆ ಒಂದು ರಟ್ಟು, ತೊಗಟೆಯವು ಮೇಲೆ, ಎಲೆ ಬಗೆಯವು ಎಲ್ಲಕ್ಕಿಂತ ಮೇಲೆ, ಹತ್ತಿಯ ಜೊತೆ. ಪ್ರತಿ ಸಂಕೇತದ ಅರ್ಧ ಮಾದರಿ ಇಲ್ಲೇ ಉಳಿಯಲಿ: ಪೆಟ್ಟಿಗೆ ದಾರಿಯಲ್ಲಿ ತಪ್ಪಿದರೆ ಮತ್ತೆ ಗುಡ್ಡ ಹತ್ತಿ ಕೀಳುವ ಪ್ರಸಂಗ ಬರಬಾರದು.